ಸಿಗರೇಟಿನ ನಮೂನಾ ಪ್ಲೇಟು



ಇತಿಹಾಸ ಎಂದರೆ ರಾಜರು, ಯುದ್ಧ, ಶಾಸನ ಎಂದು ನಾವು ಪಾಠ ಮಾಡುತ್ತೇವೆ. ಈ ಸಲ ಅದೆಲ್ಲ ಬಿಟ್ಟು ಒಂದು ಹಾಡಿನ ಪ್ಲೇಟಿನ ಇತಿಹಾಸ ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಇದಕ್ಕೆ ಧ್ವನಿಮುದ್ರಿಕೆ ಎನ್ನುತ್ತಾರೆ, ಮರಾಠಿಯಲ್ಲಿ ತಬಕಡಿ. ನಮ್ಮ ಹಿರಿಯರ ಬಾಯಲ್ಲಿ ಅದು ಪ್ಲೇಟು. ನಾನೂ ಹಾಗೇ ಬರೆಯುತ್ತೇನೆ.

ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿ ಸೂಟಿಗೆ ಊರಿಗೆ ಬಂದಿದ್ದ. ಹುಲಜಂತಿ ಮಾಳಿಂಗರಾಯನ ಜಾತ್ರೆಗೆ ಹೊರಟವನು ದಾರಿಯಲ್ಲಿ ನಮ್ಮ ಮನೆಗೆ ಬಂದು ಕುಳಿತ. ಚಹಾ ಆಯಿತು. ಆಮೇಲೆ ಮೊಬೈಲ್ ತೆಗೆದು, "ಸರ, ಒಂದು ಹಾಡ ಹಚ್ಚತೀನಿ, ಎಲ್ಲಿಯವರು ಹೇಳ್ರಿ ನೋಡೂಣು" ಎಂದ. ಹಚ್ಚಿದ. ಗಿಟಾರಿನ ಗೊರಗೊರ ಸದ್ದು, ಡ್ರಮ್ಮು, ಇಂಗ್ಲಿಷ್ ಹಾಡು. "ಅಮೇರಿಕಾದವರೇನೋಪಾ" ಎಂದೆ. "ಅಲ್ರಿ ಸರ, ಮದ್ರಾಸಿನ ಹುಡುಗೋರು. 1970ರಾಗ ಹಾಡ್ಯಾರ. ಹಾಡಿಸಿದವರು ಸಿಗರೇಟ್ ಕಂಪನಿಯವರು" ಎಂದ.

ನನಗೆ ಹಾಡು ಅಷ್ಟಾಗಿ ಹಿಡಿಸಲಿಲ್ಲ, ನಿಜ ಹೇಳಬೇಕು. ಆದರೆ ಸಿಗರೇಟ್ ಕಂಪನಿಯ ಮಾತು ತಲೆಯಲ್ಲಿ ಉಳಿಯಿತು. ಅದಕ್ಕೆ ಒಂದು ಕಾರಣವೂ ಇತ್ತು. ನಮ್ಮ ಮನೆಯ ಟ್ರಂಕಿನಲ್ಲಿ ಇರುವ ಒಂದು ಹಳೆಯ ಕ್ಯಾಸೆಟ್ ಆಗ ನೆನಪಾಯಿತು. ಅದರ ಮಾತು ಕೊನೆಗೆ ಹೇಳುತ್ತೇನೆ.

ಮೊದಲು ಈ ನಮೂನಾ ಪ್ಲೇಟು ಅಂದರೆ ಏನು ಎಂಬುದನ್ನು ನೋಡೋಣ. ನಮ್ಮ ಜತ್ತ ತಾಲೂಕಿನವರಿಗೆ ಇದನ್ನು ಹೇಳುವುದು ಸುಲಭ. ಒಣದ್ರಾಕ್ಷಿ, ಅಂದರೆ ಬೇದಾಣಾ, ತಾಸಗಾಂವಕ್ಕೋ ಸಾಂಗಲಿಗೋ ಹೋದಾಗ ಇಡೀ ಮಾಲನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಒಂದು ಮುಷ್ಟಿ ನಮೂನಾ ತೋರಿಸುತ್ತಾರೆ. ವ್ಯಾಪಾರಿ ಅದರ ಬಣ್ಣ ನೋಡುತ್ತಾನೆ, ಒಂದೆರಡು ಬಾಯಿಗೆ ಹಾಕಿಕೊಳ್ಳುತ್ತಾನೆ, ಬೆಲೆ ಕೂಗುತ್ತಾನೆ. ಹಾಡಿನ ಕಂಪನಿಗಳೂ ಇದನ್ನೇ ಮಾಡಿದವು. ಹತ್ತು ಗಾಯಕರ ಒಂದೊಂದು ಹಾಡು ಸೇರಿಸಿ ಒಂದು ಪ್ಲೇಟು ಮಾಡಿ, ಕೆಲವನ್ನು ರೇಡಿಯೋದವರಿಗೆ, ಅಂಗಡಿಯವರಿಗೆ ಪುಕ್ಕಟೆ ಕಳಿಸುತ್ತಿದ್ದರು. ಅದರ ಮೇಲೆ ಮಾರಾಟಕ್ಕಲ್ಲ ಎಂದು ಅಚ್ಚು ಹಾಕುತ್ತಿದ್ದರು. ಕೆಲವನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಸಿಬಿಎಸ್ ಕಂಪನಿ 'ದಿ ರಾಕ್ ಮಷೀನ್ ಟರ್ನ್ಸ್ ಯು ಆನ್' ಎಂಬ ಇಂಥ ಪ್ಲೇಟನ್ನು ಬಹಳ ಅಗ್ಗದ ಬೆಲೆಗೆ ಬಿಟ್ಟಿತು. ಒಂದು ಹಾಡು ರುಚಿಸಿದರೆ ಆ ಗಾಯಕನ ದೊಡ್ಡ ಪ್ಲೇಟು ಕೊಳ್ಳುತ್ತಾರೆ ಎಂಬ ಲೆಕ್ಕ.

ನಮ್ಮ ದೇಶದ ಈ ಸಿಗರೇಟಿನ ಪ್ಲೇಟಿನಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗಿದೆ. ನಮೂನಾ ಉಳಿಯಿತು, ಮಾಲು ಬರಲೇ ಇಲ್ಲ.

ಒಂದು ಸಣ್ಣ ನಗೆಯ ಮಾತು. ಏಳನೆಯ ತರಗತಿಯಲ್ಲಿ ರಾಕ್ ಸಂಗೀತ ಎಂದಾಗ ಒಬ್ಬ ಹುಡುಗ ಎದ್ದು ನಿಂತು, "ರಾಕ್ ಅಂದ್ರ ಕಲ್ಲು ಅಲ್ರಿ ಸರ? ಕಲ್ಲು ಬಡದು ಹಾಡತಾರೇನ್ರಿ?" ಎಂದು ಕೇಳಿದ. ಇಂಗ್ಲಿಷಿನಲ್ಲಿ ಅದೇ ಅಕ್ಷರಗಳ ಶಬ್ದಕ್ಕೆ ಕಲ್ಲು ಎಂಬ ಅರ್ಥವೂ ಇದೆ, ತೂಗು ಎಂಬ ಅರ್ಥವೂ ಇದೆ. ಇಲ್ಲಿ ಇರುವುದು ತೂಗುವುದು, ಓಲಾಡುವುದು. ಅಮೇರಿಕಾದ ಕರಿಯ ಜನರ ಹಾಡಿನಿಂದ ಹುಟ್ಟಿ 1950ರ ದಶಕದಲ್ಲಿ ಬೆಳೆದ ಸಂಗೀತ ಅದು. ಕರೆಂಟಿನ ಗಿಟಾರು, ಡ್ರಮ್ಮು, ನಾಲ್ಕೈದು ಹುಡುಗರು. ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಬಳಕೆಗೆ ಬಂದದ್ದು 1980ರ ದಶಕದಲ್ಲಿ. ದೊಡ್ಡ ಕಂಪನಿಗಳ ಸಂತೆಯ ಹೊರಗೆ ಹಾಡುವವರಿಗೆ ಆ ಹೆಸರು. ನಾನು ಹೇಳುವ ಮದ್ರಾಸಿನ ಹುಡುಗರ ಕಾಲಕ್ಕೆ ಆ ಹೆಸರು ಇರಲಿಲ್ಲ, ಆದರೆ ಅವರ ಸ್ಥಿತಿ ಅದೇ ಆಗಿತ್ತು.

1960ರ ದಶಕದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಜಗತ್ತಿನ ತುಂಬ ಹರಡಿದವು. ನಮ್ಮ ದೇಶಕ್ಕೂ ಬಂದವು. ಇದರಲ್ಲಿ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನಲ್ಲಿ ಆಗಲೇ ಹಳೆಯ 78 ವೇಗದ ಅರಗಿನ ಪ್ಲೇಟುಗಳು ನಿಂತುಹೋಗಿದ್ದವು. ಆದರೆ ಭಾರತದಲ್ಲಿ ಬೀಟಲ್ಸ್ ಹಾಡುಗಳನ್ನೂ 78ರ ಪ್ಲೇಟಿನಲ್ಲಿ ಒತ್ತಿದರು. ಯಾಕೆಂದರೆ ಕರೆಂಟು ಇಲ್ಲದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿದ್ದವು, ಅಲ್ಲಿ ಕೈಯಿಂದ ಕೀಲಿ ಕೊಟ್ಟು ತಿರುಗಿಸುವ ಫೋನೋಗಳೇ ನಡೆಯುತ್ತಿದ್ದವು. ಇಂದು ಆ ಭಾರತೀಯ 78ರ ಪ್ಲೇಟುಗಳನ್ನು ಪರದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ನಮ್ಮ ಬಡತನವೇ ಅಪರೂಪದ ವಸ್ತುವಾಯಿತು ನೋಡಿ.

ಮುಂಬಯಿ, ಕಲಕತ್ತಾ, ಮದ್ರಾಸ್, ಬೆಂಗಳೂರು, ಅಲ್ಲಿ ದೂರದ ಶಿಲ್ಲಾಂಗ್, ಇಲ್ಲೆಲ್ಲ ಕಾಲೇಜು ಹುಡುಗರು ತಂಡ ಕಟ್ಟಿದರು. ಆಮದಿನ ಮೇಲೆ ಸರ್ಕಾರದ ಬಿಗಿ ಇದ್ದ ಕಾಲ ಅದು, ಒಳ್ಳೆಯ ಗಿಟಾರು ತರಿಸುವುದು ಸುಲಭವಿರಲಿಲ್ಲ. ಕಲಕತ್ತೆಯಿಂದ 1967ರಲ್ಲಿ ಶುರುವಾದ 'ಜೂನಿಯರ್ ಸ್ಟೇಟ್ಸ್‌ಮನ್' ಎಂಬ ಯುವಕರ ಇಂಗ್ಲಿಷ್ ವಾರಪತ್ರಿಕೆ ಈ ತಂಡಗಳ ಸುದ್ದಿ ಹಾಕುತ್ತಿತ್ತು. ಅದು 1977ರವರೆಗೆ ನಡೆಯಿತು. ಹೋಟೆಲುಗಳಲ್ಲಿ, ಕಾಲೇಜು ಸಮಾರಂಭಗಳಲ್ಲಿ ಇವರು ಹಾಡುತ್ತಿದ್ದರು, ಕೇಳಲು ಜನರೂ ಬರುತ್ತಿದ್ದರು. ಆದರೆ ಪ್ಲೇಟು ಮಾಡುವವರು ಯಾರು?

ಆಗ ಪ್ಲೇಟಿನ ವ್ಯವಹಾರ ಹೆಚ್ಚುಕಡಿಮೆ ಒಂದೇ ಕಂಪನಿಯ ಕೈಯಲ್ಲಿತ್ತು. ನಾಯಿ ಕೂತು ಕೇಳುವ ಚಿತ್ರದ ಎಚ್‌ಎಂವಿ, ಅಂದರೆ ಗ್ರಾಮೊಫೋನ್ ಕಂಪನಿ. 1908ರಲ್ಲೇ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರಖಾನೆ ಹಾಕಿ, 1928ರಲ್ಲಿ ದಮ್‌ದಮ್‌ಗೆ ಹೋದ ಕಂಪನಿ. ಸಿನಿಮಾ ಹಾಡು ಮಾರಾಟವಾಗುತ್ತದೆ, ಶಾಸ್ತ್ರೀಯ ಸಂಗೀತ ಮಾರಾಟವಾಗುತ್ತದೆ, ಭಕ್ತಿಗೀತೆ ಮಾರಾಟವಾಗುತ್ತದೆ. ಇಂಗ್ಲಿಷಿನಲ್ಲಿ ಹಾಡುವ ದೇಸಿ ಹುಡುಗರ ಪ್ಲೇಟು ಎಷ್ಟು ಜನ ಕೊಂಡಾರು? ಇಂಗ್ಲಿಷ್ ಹಾಡು ಬೇಕಾದವರು ಮೂಲ ಬೀಟಲ್ಸನ್ನೇ ಕೊಳ್ಳುತ್ತಿದ್ದರು. ಕೆಲವರದು ಒಂದೆರಡು ಸಣ್ಣ ಪ್ಲೇಟು ಬಂದವು, ಅಷ್ಟೇ.

ಆಗ ಬಂತು ಸಿಗರೇಟ್ ಕಂಪನಿ. 1910ರಲ್ಲಿ ಕಲಕತ್ತೆಯಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ. 1970ರಲ್ಲಿ ಅದರ ಹೆಸರು ಇಂಡಿಯಾ ಟೊಬ್ಯಾಕೊ ಕಂಪನಿ ಎಂದು ಬದಲಾಯಿತು, ಈಗ ಎಲ್ಲರೂ ಐಟಿಸಿ ಎನ್ನುತ್ತೇವೆ. ಅವರದು ಸಿಮ್ಲಾ ಎಂಬ ಸಿಗರೇಟು ಇತ್ತು. ಅದನ್ನು ಹರೆಯದವರ ಕೈಗೆ ಮುಟ್ಟಿಸಬೇಕು. ಹರೆಯದವರು ಎಲ್ಲಿ ಸೇರುತ್ತಾರೆ? ಹಾಡಿನ ಹತ್ತಿರ. ಹೀಗೆ 'ಸಿಮ್ಲಾ ಬೀಟ್' ಎಂಬ ತಂಡಗಳ ಸ್ಪರ್ಧೆ ಹುಟ್ಟಿತು. 1960ರ ದಶಕದ ಕೊನೆಯಿಂದ 70ರ ದಶಕದ ಮೊದಲ ವರ್ಷಗಳವರೆಗೆ ನಡೆಯಿತು. ಬೇರೆಬೇರೆ ಊರುಗಳಲ್ಲಿ ಗೆದ್ದವರು ಮುಂಬಯಿಗೆ ಅಂತಿಮ ಸ್ಪರ್ಧೆಗೆ ಬರುತ್ತಿದ್ದರು. ನಮ್ಮಲ್ಲಿ ಕೇಂದ್ರಮಟ್ಟ, ತಾಲೂಕುಮಟ್ಟ, ಜಿಲ್ಲಾಮಟ್ಟದ ಸ್ಪರ್ಧೆಗಳು ನಡೆಯುವ ಹಾಗೆಯೇ.

ಈ ಸ್ಪರ್ಧೆಯ ತಂಡಗಳ ಹಾಡುಗಳನ್ನು ಸೇರಿಸಿ ಎರಡು ಎಲ್‌ಪಿ ಪ್ಲೇಟುಗಳು ಬಂದವು. 'ಸಿಮ್ಲಾ ಬೀಟ್ 70' ಮತ್ತು 'ಸಿಮ್ಲಾ ಬೀಟ್ 71'. ಮದ್ರಾಸಿನ ಕನ್‌ಫ್ಯೂಶನ್ಸ್, ಡೈನೊಸಾರ್ಸ್, ಕಲಕತ್ತೆಯ ಗ್ರೇಟ್ ಬೇರ್, ಶಿಲ್ಲಾಂಗಿನ ಫೆಂಟೋನ್ಸ್, ಹೀಗೆ ಅದರಲ್ಲಿ ತಂಡಗಳು. ಹೆಸರು ಕೇಳಿ ನಮ್ಮ ಹುಡುಗರು ಬಹಳ ನಕ್ಕರು. ಗೊಂದಲ, ದೈತ್ಯಪ್ರಾಣಿ, ದೊಡ್ಡ ಕರಡಿ. ನಮ್ಮ ಭಜನಾ ಮಂಡಳಿಗೆ ಯಾರೂ ಇಂಥ ಹೆಸರು ಇಡಲಾರರು.

ಫೆಂಟೋನ್ಸ್ ತಂಡದ್ದು ಒಂದು ಹಾಡಿನ ಹೆಸರೇ 'ಸಿಮ್ಲಾ ಬೀಟ್ ಥೀಮ್'. ಸಿಗರೇಟಿನ ಹೆಸರನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿದೆ. ಡೈನೊಸಾರ್ಸ್ ಅಮೇರಿಕಾದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 'ಸಿನಿಸ್ಟರ್ ಪರ್ಪಸ್' ಹಾಡಿದ್ದಾರೆ, ಅದು ಪರರ ಹಾಡು. ಕನ್‌ಫ್ಯೂಶನ್ಸ್ ಅವರದು 'ವಾಯ್ಸ್ ಫ್ರಮ್ ದಿ ಇನ್ನರ್ ಸೋಲ್', ಅಂದರೆ ಒಳಗಿನ ಆತ್ಮದ ದನಿ. ನನ್ನ ವಿದ್ಯಾರ್ಥಿ ಹಚ್ಚಿದ್ದು ಇದನ್ನೇ. ಹೆಸರು ಕೇಳಿದರೆ ನಮ್ಮ ತತ್ವಪದದವರು ಇಟ್ಟ ಹಾಗಿದೆ. ಅಂತರಾತ್ಮದ ದನಿಯನ್ನು ಸಿಗರೇಟಿನ ಪ್ಲೇಟಿನ ಮೇಲೆ ಕೂಡಿಸಿದ್ದಾರಲ್ಲ ಎಂದು ಆ ದಿನ ರಾತ್ರಿ ಒಬ್ಬನೇ ನಕ್ಕೆ.

ನನ್ನ ಸಹೋದ್ಯೋಗಿ ಗುರುಗಳೊಬ್ಬರಿಗೆ ಇದನ್ನೆಲ್ಲ ಹೇಳಿದೆ. "ಎಲ್ಲಾ ನಕಲು ಬಿಡ್ರಿ. ಬಿಳಿಯರ ಹಾಡು, ಬಿಳಿಯರ ವಾದ್ಯ. ಅದನ್ಯಾಕ ಇತಿಹಾಸ ಅಂತೀರಿ?" ಎಂದರು. ಒಂದು ಲೆಕ್ಕಕ್ಕೆ ಖರೆ. ಆದರೆ ನಾನು ಹಾರ್ಮೋನಿಯಮ್ಮಿನ ಮಾತು ತೆಗೆದೆ. ಅದೂ ಯುರೋಪಿನಿಂದ ಬಂದದ್ದೇ. ಪರದೇಶದ ವಾದ್ಯ, ನಮ್ಮ ರಾಗಕ್ಕೆ ಹೊಂದುವುದಿಲ್ಲ ಎಂದು ಆಕಾಶವಾಣಿಯು 1940ರಲ್ಲಿ ಅದನ್ನು ಬಂದ್ ಮಾಡಿತ್ತು. ನಿರ್ಬಂಧ ಸಡಿಲಾದದ್ದು 1971ರಲ್ಲಿ, ಅಂದರೆ ಈ ಎರಡನೆಯ ಸಿಮ್ಲಾ ಪ್ಲೇಟಿನ ವರ್ಷ. ಈಗ ಹಾರ್ಮೋನಿಯಮ್ ಇಲ್ಲದೆ ನಮ್ಮ ಊರಲ್ಲಿ ಭಜನೆ ಕೂಡುತ್ತದೆಯೇ? ಪಾರಿಜಾತ ಆಗುತ್ತದೆಯೇ? ಗುರುಗಳು ಸುಮ್ಮನಾದರು, ಒಪ್ಪಿದರು ಎಂದು ಮಾತ್ರ ಹೇಳಲಾರೆ.

ಹಾಡಿಗೂ ಜಾಹೀರಾತಿಗೂ ನಂಟು ಹೊಸದಲ್ಲ. ಭಾರತದಲ್ಲಿ ಪ್ಲೇಟಿನ ಯುಗ ಶುರುವಾದದ್ದು 1902ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರ ಹೊತ್ತು ಬಂದು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡು ತೆಗೆದುಕೊಂಡ. ಪ್ಲೇಟು ಒತ್ತುವುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಎಂದು ತಿಳಿಯಲಿ ಎಂದು ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಆಕೆಯ ಚಿತ್ರ ಆಸ್ಟ್ರಿಯಾ ದೇಶದಲ್ಲಿ ತಯಾರಾದ ಬೆಂಕಿಪೆಟ್ಟಿಗೆಯ ಮೇಲೂ ಬಂದಿತ್ತು. ಹಾಡುವವರ ಮುಖ ಆಗಲೇ ಕಡ್ಡಿಪೆಟ್ಟಿಗೆ ಮಾರುತ್ತಿತ್ತು, ಸಿಗರೇಟು ಆಮೇಲೆ. ಈ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೇ ಬಂದಳು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನದಲ್ಲಿ ಆಶ್ರಯ ಕೊಟ್ಟರು. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡಳು.

ನಮ್ಮ ಜಿಲ್ಲೆಯ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನ್ ಸಾಹೇಬರು 1937ರಲ್ಲಿ ತೀರಿಹೋದರು. ಆದರೂ ಅವರ ದನಿ ನಮಗೆ ಇಂದು ಸಿಗುವುದು ಪ್ಲೇಟಿನಿಂದಲೇ. ಅವರ ಕಾಲದಲ್ಲೇ ಮಿರಜಿನ ಸುತ್ತ ಹಾಡುತ್ತಿದ್ದ, ಪ್ಲೇಟು ಆಗದ ಎಷ್ಟು ಜನ ಇದ್ದಿರಬೇಕು!

ರೇಡಿಯೋದ ಕಥೆಯೂ ಇದೇ. 1952ರಲ್ಲಿ ಬಿ. ವಿ. ಕೇಸಕರ ಅವರು ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಬಿನಾಕಾ ಎಂದರೆ ಹಲ್ಲುಪೇಸ್ಟು. ನಮ್ಮ ತಂದೆಯ ಕಾಲದವರು ಬುಧವಾರ ರಾತ್ರಿ ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಆದರೆ ಹಲ್ಲಿಗೆ ಬೇವಿನಕಡ್ಡಿಯೋ ಇದ್ದಿಲೋ, ಪೇಸ್ಟು ಮನೆಗೆ ಬರಲಿಲ್ಲ. ಜಾಹೀರಾತು ಕೊಟ್ಟವನಿಗೆ ನಮ್ಮಂಥ ಊರುಗಳಿಂದ ಏನೂ ಸಿಗಲಿಲ್ಲ, ನಮಗೆ ಮಾತ್ರ ಹಾಡು ಸಿಕ್ಕಿತು.

ಇನ್ನು ಬೆಂಗಳೂರಿನ ಮಾತು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಹುಡುಗ ಬಿದ್ದು ಅಪ್ಪಯ್ಯ ಟ್ರೋಜನ್ಸ್ ಎಂಬ ತಂಡದಲ್ಲಿ ಹಾಡುತ್ತಿದ್ದ. 1967ರಲ್ಲಿ ರಸ್ತೆಯ ದಾರಿಯಿಂದಲೇ, ಸಿಕ್ಕವರ ವಾಹನ ಹತ್ತಿಕೊಂಡು ಪಶ್ಚಿಮ ಏಷ್ಯಾ ದಾಟಿ ಇಂಗ್ಲೆಂಡಿಗೆ ಹೊರಟುಹೋದ. 1974ರಲ್ಲಿ ಅವನು ತಯಾರಿಸಿದ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಜಗತ್ತಿನ ತುಂಬ ಮಾರಾಟವಾಯಿತು. 1980ರ ಕುರ್ಬಾನಿ ಸಿನಿಮಾದಲ್ಲಿ ನಾಜಿಯಾ ಹಸನ್ ಹಾಡಿದ ಪ್ರಸಿದ್ಧ ಹಾಡೂ ಅವನದೇ ಸಂಯೋಜನೆ, ನಮ್ಮ ಮದುವೆಯ ಬ್ಯಾಂಡಿನವರು ಅದನ್ನು ಎಷ್ಟು ಬಾರಿಸಿದ್ದಾರೋ. ಅದರ ಹಿಂದೆ ಒಬ್ಬ ಕೊಡವ ಇದ್ದಾನೆ ಎಂದು ನನಗೇ ಈಚೆಗೆ ತಿಳಿಯಿತು.

ಅದೇ ಬೆಂಗಳೂರಿನಲ್ಲಿ 1970ರ ದಶಕದ ಮೊದಲಿಗೆ ಹ್ಯೂಮನ್ ಬಾಂಡೇಜ್ ಎಂಬ ತಂಡ ಬಹಳ ಹೆಸರು ಮಾಡಿತ್ತು. ಸುರೇಶ್ ಮತ್ತು ರಮೇಶ್ ಶೋಠಮ್ ಎಂಬ ಅಣ್ಣತಮ್ಮಂದಿರು ಅದರಲ್ಲಿದ್ದರು. ಅವರ ಕಾರ್ಯಕ್ರಮ ನೋಡಿದವರು ಈಗಲೂ ಹೇಳುತ್ತಾರೆ. ಆದರೆ ಸಿಮ್ಲಾದ ಎರಡೂ ಪ್ಲೇಟಿನಲ್ಲಿ ಅವರ ಹಾಡಿಲ್ಲ. ರಮೇಶ್ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನಲ್ಲಿ ನಮ್ಮ ದಕ್ಷಿಣದ ತಾಳವಾದ್ಯ ಕಲಿತು ಜರ್ಮನಿಗೆ ಹೋಗಿ ಅಲ್ಲಿ ದೊಡ್ಡ ಕಲಾವಿದರಾದರು. ಅವರ ಮುಂದಿನ ಸಂಗೀತ ಬೇಕಾದಷ್ಟು ಸಿಗುತ್ತದೆ. ಹೆಸರು ತಂದ ಆ ಹರೆಯದ ವರ್ಷಗಳ ಹಾಡು ಮಾತ್ರ ಕೇಳಿದವರ ನೆನಪಿನಲ್ಲಿ ಇದೆ. ಐಟಿಸಿಯ ಸಿಗರೇಟ್ ಕಾರಖಾನೆಯೂ ಬೆಂಗಳೂರಿನಲ್ಲಿತ್ತು. ಹಾಡೂ ಅಲ್ಲೇ, ಸಿಗರೇಟೂ ಅಲ್ಲೇ, ಆದರೂ ಎರಡೂ ಕೂಡಲಿಲ್ಲ.

ಈಗ ನನ್ನ ಸಂಕಟದ ಮಾತು ಹೇಳಬೇಕು. ನಾನು ಶಿಕ್ಷಕ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂಬುದು 2003ರ ಕಾಯದೆ. ಅದೇ ಕಾಯದೆಯಿಂದ 2004ರ ಮೇ 1ರಿಂದ ಸಿಗರೇಟಿನ ಜಾಹೀರಾತೂ, ಇಂಥ ಪ್ರಾಯೋಜನೆಯೂ ಬಂದಾದವು. ಮಕ್ಕಳ ಕಿಸೆಯಲ್ಲಿ ಗುಟಕಾ ಚೀಟಿ ಸಿಕ್ಕು ಪಾಲಕರನ್ನು ಕರೆಸಿದ ದಿನಗಳು ನಮ್ಮೆಲ್ಲ ಗುರುಗಳಿಗೂ ಗೊತ್ತು. ನಮ್ಮ ಪಶ್ಚಿಮಕ್ಕೆ ನಿಪ್ಪಾಣಿ ಇದೆ, ತಂಬಾಕಿನ ಊರು. ಅಲ್ಲಿಯದು ಬೀಡಿಯ ತಂಬಾಕು, ಸಿಗರೇಟಿನ ವರ್ಜೀನಿಯಾ ಬೆಳೆಯುವುದು ಹುಣಸೂರು, ಪಿರಿಯಾಪಟ್ಟಣದ ಕಡೆ. 1981ರಲ್ಲಿ ನಿಪ್ಪಾಣಿಯ ರೈತರು ಶರದ ಜೋಶಿಯವರ ಮುಂದಾಳ್ತನದಲ್ಲಿ ತಂಬಾಕಿಗೆ ಬೆಲೆ ಕೇಳಿ ರಸ್ತೆಗೆ ಕುಳಿತಾಗ ಪೊಲೀಸರ ಗುಂಡಿಗೆ ಬಲಿಯಾದರು. ಬೆಳೆಯುವವನಿಗೂ ನಷ್ಟ, ಬೀಡಿ ಕಟ್ಟುವ ಹೆಂಗಸಿಗೂ ಕೆಮ್ಮು, ಸೇದುವವನಿಗೂ ರೋಗ. ನಡುವೆ ದುಡ್ಡು ಮಾಡಿದವರು ಬೇರೆ. ಇದನ್ನೆಲ್ಲ ಬಲ್ಲ ನಾನು, ಹುಡುಗರಿಗೆ ಸಿಗರೇಟು ಕಲಿಸಲು ಮಾಡಿದ ಪ್ಲೇಟನ್ನು ಒಳ್ಳೆಯದಾಯಿತು ಎನ್ನಲೇ?

ಎನ್ನಲಾರೆ. ಸ್ಪರ್ಧೆಗೆ ಬಂದ ಎಷ್ಟೋ ಹುಡುಗರ ಕೈಗೆ ಅಲ್ಲೇ ಮೊದಲ ಸಿಗರೇಟು ಬಂದಿರಬಹುದು. ಆದರೆ ಆ ದುಡ್ಡು ಇರದಿದ್ದರೆ ಆ ಹಾಡುಗಳು ಇಂದು ಇರುತ್ತಿರಲಿಲ್ಲ ಎಂಬುದೂ ಅಷ್ಟೇ ಖರೆ. ಬಹಳ ವರ್ಷ ಈ ಪ್ಲೇಟುಗಳನ್ನು ಯಾರೂ ಕೇಳಲಿಲ್ಲ. ಆಮೇಲೆ ಹಳೆಯ ರಾಕ್ ಹುಡುಕುವ ಪರದೇಶದ ಸಂಗ್ರಾಹಕರ ಕಣ್ಣಿಗೆ ಬಿದ್ದವು. ಜರ್ಮನಿಯ ಒಂದು ಸಣ್ಣ ಕಂಪನಿ ಎರಡನ್ನೂ ಸೇರಿಸಿ ಸಿಡಿ ಮಾಡಿತು. ಅಲ್ಲಿಂದ ಇಂಟರ್ನೆಟ್ಟಿಗೆ, ಅಲ್ಲಿಂದ ನನ್ನ ವಿದ್ಯಾರ್ಥಿಯ ಮೊಬೈಲಿಗೆ, ಅಲ್ಲಿಂದ ಸನಮಡಿಯ ನಮ್ಮ ಪಡಸಾಲೆಗೆ. 2014ರಲ್ಲಿ ಸಿದ್ಧಾರ್ಥ ಭಾಟಿಯಾ ಅವರು 'ಇಂಡಿಯಾ ಸೈಕೆಡೆಲಿಕ್' ಎಂಬ ಪುಸ್ತಕದಲ್ಲಿ ಈ ತಂಡಗಳ ಕಾಲವನ್ನೆಲ್ಲ ಬರೆದಿದ್ದಾರೆ. ಸಿಮ್ಲಾ ಸಿಗರೇಟು ಅಂಗಡಿಯಲ್ಲಿ ನಾನು ಕಂಡಿಲ್ಲ, ಹೆಸರು ಕೇಳಿದ್ದು ಈ ಹಾಡಿನಿಂದಲೇ.

ಇದರ ಜೊತೆಗೆ ನಮ್ಮ ಹತ್ತಿರದ ಒಂದು ಕೆಲಸವನ್ನು ಇಟ್ಟು ನೋಡಬೇಕು. ಚಡಚಣದ ಕಡೆ ಹಲಸಂಗಿ ಇದೆ, ನಮಗೆ ದೂರದ ಊರೇನಲ್ಲ. ಅಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಸೇರಿ ಹಲಸಂಗಿ ಗೆಳೆಯರು ಎಂದು ಹೆಸರಾದರು. ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುವ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಬಂತು. ಯಾವ ಕಂಪನಿಯೂ ದುಡ್ಡು ಕೊಟ್ಟು ಮಾಡಿಸಿದ ಕೆಲಸ ಅಲ್ಲ ಅದು. ಬಿ.ಎ. ಓದುವಾಗ ನಾನು 'ಗರತಿಯ ಹಾಡು' ಓದಿ ನಮ್ಮ ಅವ್ವನಿಗೆ ತೋರಿಸಿದ್ದೆ. ಅವ್ವ ಓದಿದವಳಲ್ಲ. ನಾನು ಓದಿ ಹೇಳಿದಾಗ, "ಹಾಂಗಲ್ಲೋ, ಅದನ್ನ ಎಳದು ಅನಬೇಕು" ಎಂದು ತಾನೇ ಹಾಡಿದಳು. ಆ ಎಳೆತ ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಶಬ್ದ ಇದೆ, ದನಿ ಇಲ್ಲ. 1931ರಲ್ಲಿ ಗ್ರಾಮೊಫೋನು ಇತ್ತು, ಆದರೆ ಹಲಸಂಗಿಯ ಬೀಸುವ ಕಲ್ಲಿನ ಮುಂದೆ ಕುಳಿತವಳ ಹತ್ತಿರ ಯಂತ್ರ ಹೊತ್ತು ಯಾರು ಬರಬೇಕು? ಅವಳ ಹಾಡಿನಿಂದ ಏನು ಮಾರಾಟವಾಗಬೇಕು?

ಮತ್ತೆ ರಾಕಿಗೆ ಬರೋಣ. ಕನ್ನಡದಲ್ಲಿ ಇಂಥದು ಬರಲೇ ಇಲ್ಲವೇ ಎಂದು ಮಕ್ಕಳು ಕೇಳಿದರು. ಡಾ. ರಾಜಕುಮಾರರು 1978ರ 'ಆಪರೇಶನ್ ಡೈಮಂಡ್ ರಾಕೆಟ್' ಸಿನಿಮಾದಲ್ಲಿ ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ಪೂರ್ತಿ ಇಂಗ್ಲಿಷ್ ಹಾಡು ಹಾಡಿದ್ದಾರೆ. ಅದು ಎಲ್ಲ ಮಕ್ಕಳಿಗೂ ಗೊತ್ತು, ಮೊಬೈಲಿನ ಪುಣ್ಯ. ಆದರೆ ತಂಡ ಕಟ್ಟಿ ಕನ್ನಡದಲ್ಲೇ ಗಿಟಾರು ಹಿಡಿದು ಹಾಡಿದವರಲ್ಲಿ ಹೆಚ್ಚು ದೂರ ಹೋದವರು ರಘು ದೀಕ್ಷಿತ್. 1998ರಲ್ಲಿ ಅಂತರಾಗ್ನಿ ಎಂಬ ತಂಡ ಕಟ್ಟಿದ್ದವರು. ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಹೊರತಂದರು. ಹತ್ತು ವರ್ಷ ಕಾಯಬೇಕಾಯಿತು. ಅದರಲ್ಲಿ ಶಿಶುನಾಳ ಶರೀಫಸಾಹೇಬರ ಎರಡು ಪದಗಳಿವೆ, ಅದರಲ್ಲಿ ಒಂದು ಗುಡುಗುಡಿಯದು. ಗುಡುಗುಡಿ ಎಂದರೆ ಹುಕ್ಕಾ, ತಂಬಾಕು ಸೇದುವ ಸಾಧನ! 1819ರಿಂದ 1889ರವರೆಗೆ ಬದುಕಿದ್ದ ಶರೀಫರು ಸೇದುವ ಕೊಳವೆಯನ್ನೇ ಹಿಡಿದು ದೇಹದ, ಅರಿವಿನ ಮಾತು ಹೇಳಿದವರು. ಸಿಗರೇಟಿನವರು ಹಾಡು ಹಿಡಿದು ಹೊಗೆ ಮಾರಿದರು. ಶರೀಫರು ಹೊಗೆಯನ್ನು ಹಿಡಿದು ಪದ ಕಟ್ಟಿದರು. ನಮ್ಮ ಎಂಟನೆಯ ತರಗತಿಯವರಿಗೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದೆ. ಮದ್ರಾಸಿನವರದು ಮುಗಿಯುವವರೆಗೆ ಬಾಯಿಬಿಟ್ಟು ಕೂತಿದ್ದವರು ಗುಡುಗುಡಿಗೆ ಬೆಂಚು ಬಡಿದು ಹಾಡಿದರು. ಮುಖ್ಯಾಧ್ಯಾಪಕರು ಬಾಗಿಲಿಗೆ ಬಂದು ನಿಂತಿದ್ದು ನನಗೆ ತಡವಾಗಿ ತಿಳಿಯಿತು.

ಇನ್ನು ನಮ್ಮ ಟ್ರಂಕಿನ ಕ್ಯಾಸೆಟ್.

1980ರ ದಶಕದಲ್ಲಿ ಕ್ಯಾಸೆಟ್ ಬಂದ ಮೇಲೆ ಪ್ಲೇಟಿನ ದೊಡ್ಡ ಕಂಪನಿಗಳ ಹಿಡಿತ ತಪ್ಪಿತು. ಸಣ್ಣ ಸಣ್ಣ ಊರಿನ ಅಂಗಡಿಯವರೂ ಹಾಡಿಸಿ ಮಾರತೊಡಗಿದರು. ವಿಜಾಪುರ, ಇಂಡಿ, ಜತ್ತದ ಬಸ್‌ಸ್ಟ್ಯಾಂಡುಗಳಲ್ಲಿ ಗೀಗೀ ಪದ, ಡೊಳ್ಳಿನ ಪದ, ಭಜನೆಯ ಕ್ಯಾಸೆಟ್ಟುಗಳು ಸಿಗುತ್ತಿದ್ದವು. ಎಷ್ಟೋ ಕ್ಯಾಸೆಟ್ಟಿನ ಮೇಲೆ ವರ್ಷವಿಲ್ಲ, ಹಿಮ್ಮೇಳದವರ ಹೆಸರಿಲ್ಲ. ಇತಿಹಾಸ ಬರೆಯುವವನಿಗೆ ಅದೊಂದು ತಲೆನೋವು.

ನಮ್ಮ ಭಾಗದಲ್ಲಿ ಡೊಳ್ಳಿನ ಪದದ ಒಬ್ಬ ಹಿರಿಯರು ಇದ್ದರು. ಬೀರಪ್ಪನ, ಮಾಳಿಂಗರಾಯನ ಪದ ಹಾಡಿದರೆ ರಾತ್ರಿ ಹೋಗಿ ಬೆಳಗಾದದ್ದು ತಿಳಿಯುತ್ತಿರಲಿಲ್ಲ. ಯಾವ ಅಂಗಡಿಯವನೂ ಅವರ ಕ್ಯಾಸೆಟ್ ಮಾಡಲಿಲ್ಲ. ಅವರು ತೀರಿಹೋಗಿ ಹತ್ತು ವರ್ಷದ ಮೇಲಾಯಿತು. ಅವರ ದನಿ ಇರುವುದು ಒಂದೇ ಕಡೆ. ಒಮ್ಮೆ ಒಬ್ಬ ಬೀಜದ ವ್ಯಾಪಾರಿ ಸಜ್ಜಿ ಬೀಜದ ಪ್ರಚಾರಕ್ಕೆ ಅವರಿಂದ ಹಾಡಿಸಿ ಕ್ಯಾಸೆಟ್ ಮಾಡಿ, ಬೀಜದ ಚೀಲದ ಜೊತೆಗೆ ರೈತರಿಗೆ ಪುಕ್ಕಟೆ ಹಂಚಿದ್ದ. ನಮ್ಮ ಮನೆಗೂ ಒಂದು ಬಂದಿತ್ತು. ಮೊದಲಿಗೆ ಬೀಜದ ಹೊಗಳಿಕೆ, ಎಕರೆಗೆ ಎಷ್ಟು ಚೀಲ ಬರುತ್ತದೆ ಎಂದು ಡೊಳ್ಳಿನ ಮಟ್ಟಿನಲ್ಲೇ. ಆಮೇಲೆ ಜಾಗ ಉಳಿದಿತ್ತೆಂದು ಒಂದು ಪೂರ್ತಿ ಪದ ಬಿಟ್ಟಿದ್ದರು. ಆಗ ನಾವು ನಕ್ಕು ಟ್ರಂಕಿಗೆ ಹಾಕಿದ್ದೆವು. ಬೀಜವೂ ಆ ವರ್ಷ ಸರಿಯಾಗಿ ಹುಟ್ಟಿರಲಿಲ್ಲ, ಮಳೆಯೇ ಇರಲಿಲ್ಲ.

ಸಿಮ್ಲಾದ ಕಥೆ ಹೇಳಿದ ನನ್ನ ವಿದ್ಯಾರ್ಥಿಯ ಕೈಯಲ್ಲಿ ಆ ಕ್ಯಾಸೆಟ್ ಕೊಟ್ಟು ಕಳಿಸಿದೆ. ಬೆಂಗಳೂರಿನಲ್ಲಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುವವರಿದ್ದಾರೆ. ಮೂರು ವಾರಕ್ಕೆ ಅವನು ವಾಟ್ಸಾಪಿನಲ್ಲಿ ಕಳಿಸಿದ. ಆ ಹಿರಿಯರ ಮೊಮ್ಮಗ ನಮ್ಮ ಶಾಲೆಯಲ್ಲೇ ಆರನೆಯ ತರಗತಿಯಲ್ಲಿದ್ದಾನೆ. ಅಜ್ಜನನ್ನು ಅವನು ನೋಡಿಯೇ ಇಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವನನ್ನು ಆಫೀಸಿಗೆ ಕರೆದು ಸಣ್ಣ ಸ್ಪೀಕರಿಗೆ ಹಚ್ಚಿ ಕೇಳಿಸಿದೆ. ಮೊದಲು ಬಂದದ್ದು ಬೀಜದ ಜಾಹೀರಾತೇ. ನಾನು ಅದನ್ನು ಮುಂದೆ ಓಡಿಸಲು ಹೋದೆ. ಹುಡುಗ ನನ್ನ ಕೈ ಹಿಡಿದು, "ಸರ, ಅದನ್ನ ತೆಗೀಬ್ಯಾಡ್ರಿ. ಅದೂ ನಮ್ಮ ಅಜ್ಜನ ದನಿನ ಐತಲ್ರಿ" ಎಂದ.

ಮೊದಲಿನಿಂದ ಹಚ್ಚಿದೆ. ಪೂರ್ತಿ ಕೇಳಿದ. ಮರುದಿನ ಅವನ ಅಪ್ಪನೂ ಬಂದು ಕೇಳಿ ಹೋದರು, ಒಂದು ಮಾತೂ ಆಡಲಿಲ್ಲ.

ಕ್ಯಾಸೆಟ್ಟಿನ ಎರಡನೆಯ ಬದಿ ಇನ್ನೂ ಇಳಿದಿಲ್ಲ. ಟೇಪು ಒಂದಕ್ಕೊಂದು ಅಂಟಿಕೊಂಡಿದೆ, ಎಳೆದರೆ ಹರಿಯುತ್ತದೆ ಎಂದು ಬೆಂಗಳೂರಿನವರು ಹೇಳಿದ್ದಾರೆ. ಆ ವರ್ಷ ಆ ಕ್ಯಾಸೆಟ್ ನಮ್ಮ ಸುತ್ತಿನ ಎಷ್ಟೋ ಮನೆಗಳಿಗೆ ಹೋಗಿತ್ತು. ಜತ್ತ, ಇಂಡಿ, ಮಂಗಳವೇಡೆ ಕಡೆಯ ಪಾಲಕರ ಮನೆಯಲ್ಲಿ, ಅಟ್ಟದ ಮೇಲೋ ಹಳೆಯ ಟೇಪ್‌ರೆಕಾರ್ಡರಿನ ಒಳಗೋ, ಹಸಿರು ಚೀಟಿಯ, ಸಜ್ಜಿ ತೆನೆಯ ಚಿತ್ರವಿರುವ ಕ್ಯಾಸೆಟ್ ಸಿಕ್ಕರೆ ದಯವಿಟ್ಟು ಹಚ್ಚಿ ನೋಡಲು ಹೋಗಬೇಡಿ, ಹಾಗೆಯೇ ಮಕ್ಕಳ ಕೈಯಲ್ಲಿ ಶಾಲೆಗೆ ಕಳಿಸಿ.